ಯಂತ್ರ ಗುಮಾಸ್ತರ ಹಿಂಬರಹ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಚೇರಿಗಳಿಂದ ನಿವೃತ್ತರಾಗಿ, ಮೊಮ್ಮಕ್ಕಳ ಹೋಂವರ್ಕ್‌ಗೆ ರುಜು ಹಾಕುತ್ತ ಕಾಲ ನೂಕುತ್ತಿರುವ ಗುಮಾಸ್ತರೆಲ್ಲ ಕೂಡಲೇ ಬಯೋಡೇಟಾ ಟೈಪ್ ಮಾಡಿಸಿಕೊಳ್ಳಬೇಕು. ಕೃತಕ ಬುದ್ಧಿಮತ್ತೆ ಬಂದು ಎಲ್ಲರ ಅನ್ನ ಕಿತ್ತುಕೊಳ್ಳುತ್ತದೆ ಎಂದು ಟಿವಿಯಲ್ಲಿ ಕಿರುಚುವವರನ್ನು ನಂಬಬೇಡಿ. ಸಾವಿರಾರು ಕೋಟಿ ಸುರಿದು, ಊರೂರಿಗೆ ಸಾಲುವಷ್ಟು ಕರೆಂಟು ಕುಡಿಸಿ ಸಾಕಿದ ಆ ಯಂತ್ರಗಳು ಕೊನೆಗೆ ಬಂದು ನಿಂತಿರುವುದು ಎಲ್ಲಿ ಗೊತ್ತೆ? ಟಿಪ್ಪಣಿ ಹಾಳೆಯ ಮುಂದೆ. ಯಾರೋ ಬರೆದ ಷರಾಕ್ಕೆ ಉತ್ತರ ಬರೆದು ಕಡತ ಮುಚ್ಚುವ ಕೆಲಸಕ್ಕೆ. ಆ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರು ಈ ಭೂಮಂಡಲದಲ್ಲಿ ಹುಟ್ಟಿಲ್ಲ.

ವಿಷಯ ಇಷ್ಟು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದಿ ಒಪ್ಪದ ಹೊರತು ಒಳಗೆ ಸೇರಿಸುವಂತಿಲ್ಲ. ಓದುವವನು ಸಾಲಿನ ಪಕ್ಕದಲ್ಲೇ ಷರಾ ಬರೆಯುತ್ತಾನೆ: ‘ಇದು ಯಾಕೆ?’, ‘ಸೊನ್ನೆ ಬಂದರೆ ಏನು ಗತಿ?’, ‘ಈ ಹೆಸರು ಚೆನ್ನಾಗಿಲ್ಲ.’ ಬರೆದವನು ಅದರ ಕೆಳಗೆ ಉತ್ತರ ಕೊಡುತ್ತಾನೆ, ಇವನು ಅದಕ್ಕೊಂದು ಮರುಪ್ರಶ್ನೆ ಹಾಕುತ್ತಾನೆ. ಹೀಗೆ ಒಂದೊಂದು ಷರಾಕ್ಕೂ ಒಂದೊಂದು ಬಾಲ ಬೆಳೆಯುತ್ತದೆ. ಅದನ್ನು ಥ್ರೆಡ್ ಅನ್ನುತ್ತಾರೆ. ಮಾತು ಮುಗಿಯಿತು ಅನ್ನಿಸಿದಾಗ ಯಾರಾದರೂ ‘ರಿಸಾಲ್ವ್’ ಎಂಬ ಗುಂಡಿ ಒತ್ತುತ್ತಾರೆ. ಬಾಲ ಮಡಚಿಕೊಂಡು ಕಣ್ಮರೆಯಾಗುತ್ತದೆ.

ಪದ್ಧತಿ ಹೊಸದೇನಲ್ಲ. 1976ರಲ್ಲೇ ಐಬಿಎಂನ ಮೈಕೇಲ್ ಫೇಗನ್ ಇದಕ್ಕೊಂದು ಶಾಸ್ತ್ರ ಬರೆದಿಟ್ಟಿದ್ದಾರೆ. ನಾಲ್ಕಾರು ಮಂದಿ ಮೇಜಿನ ಸುತ್ತ ಕೂರಬೇಕು, ಒಬ್ಬ ಕೋಡನ್ನು ಓದಿ ಹೇಳಬೇಕು, ಉಳಿದವರು ತಪ್ಪು ಹುಡುಕಬೇಕು, ಸಿಕ್ಕ ತಪ್ಪನ್ನು ನಿಜಕ್ಕೂ ತಿದ್ದಿದ್ದಾರೆಯೇ ಎಂದು ಸಭೆ ನಡೆಸಿದವನೇ ಆಮೇಲೆ ಹೋಗಿ ನೋಡಬೇಕು. ಈ ಕೊನೆಯ ಮಾತು ಗಮನದಲ್ಲಿರಲಿ. ಎಲ್ಲರೂ ಮೊದಲು ಮರೆತದ್ದು ಅದನ್ನೇ. 2008ರಲ್ಲಿ, ಕೋಡ್ ಇಟ್ಟು ಷರಾ ಬರೆಯುವ ಗಿಟ್‌ಹಬ್ ಎಂಬ ಜಾಲತಾಣ ಬಂದಮೇಲೆ ಮೇಜು ಹೋಯಿತು, ಚಹಾ ಬಿಸ್ಕತ್ತು ಹೋಯಿತು, ಷರಾ ಮಾತ್ರ ಉಳಿಯಿತು.

ಈಗ ಕೋಡ್ ಬರೆಯುವುದು ಏಜೆಂಟ್ ಎಂಬ ಯಂತ್ರ. ಅದನ್ನು ಓದಿ ಷರಾ ಬರೆಯುವುದು ಇನ್ನೊಂದು ಯಂತ್ರ. ಮನುಷ್ಯ ನಡುವೆ ಎಲ್ಲೋ ಕಾಫಿ ಹೀರುತ್ತ ಕೂತಿರುತ್ತಾನೆ. ಆದರೆ ಯಂತ್ರಕ್ಕೂ ಒಂದು ಕಷ್ಟ ಎದುರಾಯಿತು. ಗಿಟ್‌ಹಬ್‌ನ ಮುಂಬಾಗಿಲಲ್ಲಿ ಕೇಳಿದರೆ ಪ್ರತಿಯೊಂದು ಷರಾಕ್ಕೂ ಒಂದು ನಂಬರು ಸಿಗುತ್ತದೆ. ಅದು ಯಾವ ಥ್ರೆಡ್ಡಿಗೆ ಸೇರಿದ್ದು, ಥ್ರೆಡ್ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯಬೇಕಾದರೆ ಗ್ರಾಫ್‌ಕ್ಯೂಎಲ್ ಎಂಬ ಪಕ್ಕದ ಬಾಗಿಲಿಗೆ ಹೋಗಬೇಕು. ಅಲ್ಲಿ ನಂಬರೇ ಬೇರೆ. ಅರ್ಜಿಯ ಇನ್‌ವರ್ಡ್ ನಂಬರು ಹಿಡಿದುಕೊಂಡು ಕಚೇರಿಗೆ ಹೋಗಿ, ‘ಇದಲ್ಲ ಕಣ್ರಿ, ಫೈಲ್ ನಂಬರ್ ತರ‍್ರಿ’ ಅನ್ನಿಸಿಕೊಂಡು ವಾಪಸ್ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಏಜೆಂಟು ಮುಚ್ಚಿದ್ದು, ತೆರೆದದ್ದು, ಸಾಲೇ ಬದಲಾಗಿ ಹಳಸಿಹೋದದ್ದು, ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಮೊದಲಿಂದ ಓದುತ್ತದೆ. ಓದಿದ ಪ್ರತಿ ತುಣುಕಿಗೂ ಟೋಕನ್ ಲೆಕ್ಕದಲ್ಲಿ ದುಡ್ಡು. ಓದಿ ಮುಗಿಸುವಷ್ಟರಲ್ಲಿ ಏನು ಮಾಡಬೇಕೆಂದು ಬಂದಿದ್ದೆ ಎಂಬುದೇ ಅದಕ್ಕೆ ಮರೆತುಹೋಗಿರುತ್ತದೆ.

ಆದ್ದರಿಂದ ಏಜೆಂಟುಗಳ ಕೈಗೆ ಕೊಡಲು ಪುಟ್ಟ ಪುಟ್ಟ ಉಪಕರಣಗಳು ಬಂದವು. ಹೊರಗಿನ ಉಪಕರಣಗಳನ್ನು ಯಂತ್ರಕ್ಕೆ ಜೋಡಿಸುವ ಎಂಸಿಪಿ ಎಂಬ ಕಟ್ಟಳೆಯನ್ನು ಆಂಥ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿದ ಮೇಲಂತೂ ಇವುಗಳ ಸುಗ್ಗಿ. ಷರಾ ನಿಭಾಯಿಸುವ ಉಪಕರಣಗಳ ಹೂರಣ ಹೆಚ್ಚುಕಡಿಮೆ ಒಂದೇ: ತೆರೆದಿರುವ ಥ್ರೆಡ್‌ಗಳ ಪಟ್ಟಿ ಕೊಡು, ಉತ್ತರ ಬರೆ, ಮುಚ್ಚು. ಎರಡನೆಯದನ್ನೂ ಮೂರನೆಯದನ್ನೂ ಒಂದೇ ಏಟಿಗೆ ಮಾಡುವ ಸೌಲಭ್ಯವಿದ್ದರೆ ಇನ್ನೂ ಜಾಣತನ. ಉತ್ತರಕ್ಕೂ ಮುಚ್ಚುವುದಕ್ಕೂ ನಡುವೆ ‘ಕೆಲಸ ಮಾಡು’ ಎಂಬುದೊಂದು ಹಂತ ಇರಬೇಕಿತ್ತಲ್ಲ ಎಂದು ಕೇಳುವವರು ಕಚೇರಿ ಅನುಭವ ಇಲ್ಲದವರು.

ನನ್ನ ಅಕ್ಕನ ಮಗ ಹೊಸದುರ್ಗದ ಕಡೆ, ತೆಂಗಿನ ತೋಟದ ಮನೆಯ ಮಹಡಿಯ ಮೇಲೆ ಕೂತು ಬೆಂಗಳೂರಿನ ಕಂಪನಿಗೆ ದುಡಿಯುತ್ತಾನೆ. ಅಡಿಕೆ ಮಂಡಿಯವರ ಲೆಕ್ಕಪತ್ರಕ್ಕೆ ಒಂದು ಆ್ಯಪ್ ಮಾಡುತ್ತಿದ್ದಾರೆ. ಭೀಮಸಮುದ್ರದ ಮಂಡಿಯವರು ಬಾಯಲ್ಲೇ ಹಾಕುವ ಲೆಕ್ಕವನ್ನು ಮೊಬೈಲಿನಲ್ಲಿ ನಿಧಾನವಾಗಿ ಹಾಕುವ ಯೋಜನೆ.

‘ನೋಡು ಮಾವ, ಮಜಾ ಐತೆ,’ ಅಂದು ಲ್ಯಾಪ್‌ಟಾಪ್ ತಿರುಗಿಸಿದ.

ಷರಾ ಬರೆದಿದ್ದ ಯಂತ್ರ ಹೇಳಿತ್ತು: ಈ ಸಾಲಿನಲ್ಲಿ ಮೊತ್ತವನ್ನು ತೂಕದಿಂದ ಭಾಗಿಸಿದ್ದೀರಿ, ತೂಕ ಸೊನ್ನೆ ಬಂದರೆ ಪ್ರೋಗ್ರಾಂ ಮಗುಚಿ ಬೀಳುತ್ತದೆ. ಒಳ್ಳೆಯ ಪ್ರಶ್ನೆ. ಅದರ ಕೆಳಗೆ ಕೋಡ್ ಬರೆದ ಯಂತ್ರದ ಉತ್ತರ: ‘ನೀವು ಹೇಳಿದ್ದು ನೂರಕ್ಕೆ ನೂರು ಸರಿ! ಬಹಳ ಸೂಕ್ಷ್ಮವಾಗಿ ಗಮನಿಸಿದ್ದೀರಿ. ಈಗ ಸರಿಪಡಿಸಲಾಗಿದೆ.’ ಅದಕ್ಕೆ ಮೊದಲಿನದು, ‘ತ್ವರಿತ ಕ್ರಮಕ್ಕೆ ಧನ್ಯವಾದ’ ಎಂದಿತ್ತು. ಥ್ರೆಡ್ ಮುಚ್ಚಿತ್ತು.

‘ಸರಿ ಮಾಡಿದೆಯಲ್ಲೋ, ಇನ್ನೇನು?’ ಅಂದೆ.

‘ಎಲ್ಲಿ ಮಾಡೈತೆ ಮಾವ? ಕೋಡ್ ನೋಡು.’

ಭಾಗಾಕಾರದ ಸಾಲು ಇದ್ದಲ್ಲೇ ಇತ್ತು. ಅದರ ಮೇಲೆ ಹೊಸದಾಗಿ ಒಂದು ವಿವರಣೆಯ ಸಾಲು ಸೇರಿತ್ತು: ‘ಇಲ್ಲಿ ತೂಕ ಸೊನ್ನೆ ಬರುವುದಿಲ್ಲ.’

ನನಗೆ ಎದ್ದು ನಿಂತು ನಮಸ್ಕಾರ ಮಾಡೋಣ ಅನ್ನಿಸಿತು. ಇಡೀ ಸೇವಾವಧಿಯಲ್ಲಿ ನಾನು ಕಂಡ ಅತಿರಥ ಶಿರಸ್ತೇದಾರರೂ ಒಂದು ಹಿಂಬರಹವನ್ನು ಇಷ್ಟು ಚೊಕ್ಕವಾಗಿ ಬರೆದವರಲ್ಲ. ‘ಸದರಿ ಗ್ರಾಮದಲ್ಲಿ ಕುಡಿಯುವ ನೀರಿನ ಸಮಸ್ಯೆ ಕಂಡುಬಂದಿರುವುದಿಲ್ಲ’ ಎಂದು ಬರೆಯಲಿಕ್ಕೂ ನಮ್ಮವರು ಒಂದು ಸಾರಿ ಜೀಪು ಹತ್ತಿ ಸ್ಥಳ ಪರಿಶೀಲನೆಯ ಶಾಸ್ತ್ರ ಮಾಡುತ್ತಿದ್ದರು.

ಯಂತ್ರವನ್ನು ಬೈಯುವ ಮೊದಲು ಅದಕ್ಕೆ ನಾವು ಕೊಟ್ಟ ಹುಕುಂ ಏನೆಂದು ನೋಡಬೇಕು. ಎಲ್ಲ ಥ್ರೆಡ್ ಮುಚ್ಚುವವರೆಗೆ ಕೋಡ್ ಒಳಗೆ ಸೇರಿಸುವಂತಿಲ್ಲ ಎಂಬ ನಿಯಮ ಹಾಕಿಕೊಳ್ಳಲು ಗಿಟ್‌ಹಬ್‌ನಲ್ಲೂ ಅದರಂಥದೇ ಗಿಟ್‌ಲ್ಯಾಬ್‌ನಲ್ಲೂ ಅವಕಾಶವಿದೆ. ಉದ್ದೇಶ ಒಳ್ಳೆಯದೇ: ಯಾರ ಮಾತೂ ಗಾಳಿಗೆ ಹೋಗಬಾರದು. ಆದರೆ ಏಜೆಂಟಿನ ಕಿವಿಗೆ ಬಿದ್ದದ್ದು ‘ತೆರೆದ ಥ್ರೆಡ್‌ಗಳ ಸಂಖ್ಯೆ ಸೊನ್ನೆ ಆಗಬೇಕು’ ಎಂದು. ಸೊನ್ನೆ ಮಾಡಲು ಎರಡು ದಾರಿ. ಕೋಡ್ ತಿದ್ದುವುದು ದೂರದ ದಾರಿ. ಗುಂಡಿ ಒತ್ತುವುದು ಹತ್ತಿರದ್ದು. ಮಾರ್ಚ್ ಕೊನೆಯ ವಾರದಲ್ಲಿ ಕಡತ ವಿಲೇವಾರಿ ಅಭಿಯಾನ ಕಂಡವರಿಗೆ ಏಜೆಂಟು ಯಾವ ದಾರಿ ಹಿಡಿಯಿತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಮೇಲಿನವರು ಕೇಳುವುದು ಎಷ್ಟು ಕಡತ ಬಾಕಿ ಎಂದು. ಎಷ್ಟು ಜನರ ಕೆಲಸ ಆಯಿತು ಎಂಬ ಕಲಮೇ ಆ ನಮೂನೆಯಲ್ಲಿ ಇರುವುದಿಲ್ಲ.

ಆದರೂ ಯಂತ್ರದ ಕಲೆ ಇನ್ನೂ ಎಳೆಯದು. ತರಬೇತಿ ಬೇಕು, ಅದಕ್ಕೇ ಬಯೋಡೇಟಾ ಅಂದದ್ದು. ಅದು ಪ್ರತಿ ಷರಾಕ್ಕೂ ‘ನೀವು ಹೇಳಿದ್ದು ಸರಿ’ ಎಂದು ಒಪ್ಪಿಕೊಂಡುಬಿಡುತ್ತದೆ. ನಮ್ಮಲ್ಲಿ ಒಪ್ಪಿಕೊಂಡ ಗುಮಾಸ್ತ ಉದ್ಧಾರವಾಗಿಲ್ಲ. ‘ಚರ್ಚಿಸಿ’ ಎಂದು ಒಂದೇ ಪದ ಬರೆದು ಕಡತವನ್ನು ಕೆಳಗಿಳಿಸಿದರೆ ಎರಡು ತಿಂಗಳು ನಿಶ್ಚಿಂತೆ. ‘ನಿಯಮಾನುಸಾರ ಪರಿಶೀಲಿಸಿ ಮಂಡಿಸಿ’ ಎಂದರೆ ಯಾವ ನಿಯಮ ಎಂದು ಹುಡುಕುವುದರಲ್ಲಿ ಕೆಳಗಿನವನು ಹೈರಾಣ. ‘ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬುದನ್ನು ಏಜೆಂಟು ಆಗಲೇ ತಾನಾಗಿ ಕಲಿತಿದೆ: ‘ಇದು ಈ ಬದಲಾವಣೆಯ ವ್ಯಾಪ್ತಿಯಲ್ಲಿಲ್ಲ, ಮುಂದೆ ಪ್ರತ್ಯೇಕವಾಗಿ ನೋಡೋಣ.’ ಮುಂದೆ ಎಂಬ ದಿನ ಅವರ ಕ್ಯಾಲೆಂಡರಿನಲ್ಲೂ ಇಲ್ಲ. ಈ ಮಟ್ಟಿಗೆ ನಮ್ಮ ಸಂಪ್ರದಾಯ ಸುರಕ್ಷಿತ ಕೈಗಳಲ್ಲಿದೆ. ಕೈ ಇದ್ದರೆ.

ದುರ್ಗದವನು ಲೇಖನ ಬರೆದಮೇಲೆ ಓಬವ್ವ ಬರಲೇಬೇಕು, ಇಲ್ಲದಿದ್ದರೆ ಸಂಪಾದಕರು ಹಸ್ತಪ್ರತಿ ವಾಪಸ್ ಕಳಿಸುತ್ತಾರೆ. ಬರಲಿ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ತೂರುತ್ತಿದ್ದಾಗ ಆಕೆ, ‘ಇಲ್ಲೊಂದು ಕಿಂಡಿ ಇದ್ದಂತಿದೆ, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಬಹುದು’ ಎಂದು ಷರಾ ಬರೆದು, ಊಟಕ್ಕೆ ಕೂತ ಗಂಡನಿಗೆ ಮುದ್ದೆ ಬಡಿಸಲು ಹೋಗಲಿಲ್ಲ. ಒನಕೆ ತೆಗೆದುಕೊಂಡಳು. ಪರಿಶೀಲನೆ ಅಂದರೆ ಅದು. ಆಕೆಗೆ ಬಡ್ತಿ ಸಿಗಲಿಲ್ಲ ಎಂಬುದು ಬೇರೆ ಮಾತು.

ಸಾಫ್ಟ್‌ವೇರಿನವರ ಕೋಟೆಯಲ್ಲೂ ಇಂಥದ್ದೊಂದು ಕಿಂಡಿ ಇತ್ತು. ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶಕ್ಕೆ 2011ರ ಡಿಸೆಂಬರ್ 31ರ ರಾತ್ರಿ, ಜಗತ್ತು ಹೊಸ ವರ್ಷದ ಕೇಕು ಕತ್ತರಿಸಲು ಸಜ್ಜಾಗುತ್ತಿದ್ದ ಹೊತ್ತಿನಲ್ಲಿ, ಒಂದು ಬದಲಾವಣೆ ಸೇರಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಯೇ ಸೇರಿಸಿದ್ದು. ಅದರಲ್ಲಿದ್ದ ಹುಳುಕಿಗೆ 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಹುಳುಕು ಇಷ್ಟೇ: ಆಚೆಯಿಂದ ಬಂದವನು ‘ನಾನು ಇಷ್ಟುದ್ದದ ಮಾತು ಕಳಿಸಿದ್ದೇನೆ, ಅಷ್ಟನ್ನೂ ವಾಪಸ್ ಕೊಡು’ ಅನ್ನುತ್ತಾನೆ. ಈಚೆಯ ಸರ್ವರ್ ಅಳೆದು ನೋಡದೆ, ಅವನು ಹೇಳಿದಷ್ಟನ್ನೂ, 64 ಕಿಲೋಬೈಟಿನವರೆಗೆ, ತನ್ನ ನೆನಪಿನಿಂದ ತೋಡಿ ಕೊಟ್ಟುಬಿಡುತ್ತದೆ. ಪಾಸ್‌ವರ್ಡು ಬಂದರೆ ಪಾಸ್‌ವರ್ಡು, ಬೀಗದ ಕೈ ಬಂದರೆ ಬೀಗದ ಕೈ.

ಇದನ್ನು ವಿವರಿಸಲು ಜಗತ್ತಿನ ಪತ್ರಿಕೆಗಳು ಎಷ್ಟೋ ಚಿತ್ರ ಬರೆದವು. ಹೊಳಲ್ಕೆರೆಯ ರೈತನಿಗೆ ಚಿತ್ರ ಬೇಡ. ಅವನ ಪಹಣಿಯ 3ನೇ ಕಲಮಿನಲ್ಲಿ ಸರ್ವೆ ನಂಬರಿನ ವಿಸ್ತೀರ್ಣ ನಾಲ್ಕು ಎಕರೆ. 9ನೇ ಕಲಮಿನಲ್ಲಿ ಅಣ್ಣತಮ್ಮಂದಿರ ಹೆಸರಿನ ಮುಂದಿರುವ ಎಕರೆ ಕೂಡಿದರೆ ಐದು. ಐದನೆಯ ಎಕರೆ ಎಲ್ಲಿಂದ ಬಂತು? ಯಾರೋ ಹೇಳಿದರು, ಯಾರೋ ಬರೆದರು, ಯಾರೋ ರುಜು ಹಾಕಿದರು, ಅಳೆದವರು ಯಾರೂ ಇಲ್ಲ. ಹಾರ್ಟ್‌ಬ್ಲೀಡ್ ಅಂದರೆ 3ಕ್ಕೂ 9ಕ್ಕೂ ತಾಳೆಯಾಗದ ಪಹಣಿ. ಸಾಫ್ಟ್‌ವೇರಿನವರು ಕಂಡುಹಿಡಿದು ಗಾಬರಿಯಾಗುವ ಎಷ್ಟೋ ಮೊದಲೇ ನಾವು ಅದರ ಜೊತೆ ಸಂಸಾರ ಮಾಡಿ ಕೋರ್ಟಿಗೂ ಹೋಗಿ ಬಂದಿದ್ದೇವೆ.

ಪಹಣಿಯ ಮಾತು ಬಂತು ಎಂದಮೇಲೆ ಒಂದು ನ್ಯಾಯದ ಮಾತು. ಕೈಬರಹದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಈ ಷರಾ ರಾಜಕೀಯವನ್ನು ಚೆನ್ನಾಗಿ ಅರ್ಥಮಾಡಿಕೊಂಡಿತ್ತು. ಖಾತೆ ಬದಲಾವಣೆಗೆ ಅರ್ಜಿ ಬಂದರೆ ನೋಟಿಸು, ತಕರಾರಿಗೆ ಅವಕಾಶ, ಆಮೇಲೆ ಆದೇಶ. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಿಹಾಕಿದರು. ಬೇಕಾದವರ ಕಾಗದ ಮೇಲೆ, ಬೇಡಾದವರದ್ದು ಅಡಿಗೆ ಎಂಬ ಹಳೆಯ ಕೈಚಳಕಕ್ಕೆ ಅಲ್ಲೊಂದು ತಡೆ ಬಿತ್ತು. ಸರದಿ ಸರಿಯಾಯಿತು. ಆದರೆ ಸರದಿಯಲ್ಲಿ ಬಂದ ತಕರಾರನ್ನು ಓದಿ ಯೋಚಿಸಬೇಕು ಎಂಬ ನಿಯಮವನ್ನು ಯಾವ ತಂತ್ರಾಂಶದೊಳಗೂ ಕಟ್ಟಿಹಾಕಲು ಬರುವುದಿಲ್ಲ. ಅಂದಿನ ಭೂಮಿಯಿಂದ ಇಂದಿನ ಏಜೆಂಟಿನವರೆಗೆ ಅಡಚಣೆ ಇದೊಂದೇ.

ಹಾಗೆಂದು ಮನುಷ್ಯರು ಓದುವಾಗ ಸತ್ಯಯುಗವಿತ್ತೆಂದು ಯಾರೂ ಕಣ್ಣೀರು ಹಾಕಬೇಕಿಲ್ಲ. ಸಾಫ್ಟ್‌ವೇರ್ ಹುಡುಗರಲ್ಲಿ ‘ಎಲ್‌ಜಿಟಿಎಂ’ ಎಂಬ ನಾಲ್ಕಕ್ಷರದ ಮಂತ್ರವಿದೆ. ‘ನನಗೇನೋ ಸರಿಯಾಗಿಯೇ ಕಾಣುತ್ತದೆ’ ಎಂದು ಅರ್ಥ. ಹತ್ತು ಸಾಲಿನ ಬದಲಾವಣೆಗೆ ಹತ್ತು ಷರಾ ಬರೆದು ಪ್ರಾಣ ತಿನ್ನುವವರು ಸಾವಿರ ಸಾಲಿನದು ಬಂದಾಗ ಈ ಮಂತ್ರ ಜಪಿಸಿ ಊಟಕ್ಕೆ ಹೋಗುತ್ತಾರೆ. ದಪ್ಪ ಕಡತವೇ ಬೇಗ ಪಾಸಾಗುವುದು ಎಂಬುದು ಯಾವ ಗುತ್ತಿಗೆದಾರನಿಗೆ ಗೊತ್ತಿಲ್ಲ? ಈ ವಿಷಯದಲ್ಲಿ ಯಂತ್ರವೇ ವಾಸಿ. ಅದು ಸಾವಿರ ಸಾಲನ್ನೂ ಓದುತ್ತದೆ, ಸೊನ್ನೆಯ ಪ್ರಶ್ನೆಯನ್ನೂ ಎತ್ತುತ್ತದೆ. ನಮ್ಮ ಅಡಿಕೆ ಆ್ಯಪಿನಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಯಂತ್ರವೇ ತಾನೆ? ಕೇಳುವುದು ಅದಕ್ಕೆ ಬರುತ್ತದೆ. ಉತ್ತರ ಸಿಗುವವರೆಗೆ ಹಟ ಹಿಡಿದು ಕೂರುವುದು ಬರುವುದಿಲ್ಲ.

ಹಟ ಏನು ಮಾಡಬಲ್ಲದು ಎಂಬುದಕ್ಕೆ 2024ರ ಮಾರ್ಚಿನ ಕಥೆ ಸಾಕು. ಎಕ್ಸ್‌ಜೆಡ್ ಎಂಬ, ಕಡತ ಕುಗ್ಗಿಸುವ ಸಣ್ಣ ತಂತ್ರಾಂಶ. ಅದನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಒಬ್ಬರ ಮೇಲೆ ‘ಯಾಕೆ ತಡ? ಇನ್ನೊಬ್ಬರನ್ನು ಸೇರಿಸಿಕೊಳ್ಳಬಾರದೆ?’ ಎಂದು ಅಪರಿಚಿತ ಹೆಸರುಗಳಿಂದ ಷರಾಗಳ ಒತ್ತಡ ಬಂತು. ಸೇರಿಸಿಕೊಂಡರು. ಹೊಸಬ ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಒಳಗೊಂದು ಕಳ್ಳಬಾಗಿಲು ಇಟ್ಟ. ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಹೇಗೆ? ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಅವರಿಗೆ ಅನುಮಾನ ಬಂತು, ಬಿಡದೆ ಬುಡ ಕೆದಕಿದರು. ಇದನ್ನು ಕೇಳಿ ನಾನು ಬೆರಗಾದದ್ದು ಕಳ್ಳಬಾಗಿಲಿಗಲ್ಲ. ಅರ್ಧ ಸೆಕೆಂಡ್ ತಡವಾದದ್ದನ್ನು ತಡ ಎಂದು ಗುರುತಿಸುವ ಜನ ಭೂಮಿಯ ಮೇಲೆ ಇದ್ದಾರಲ್ಲ! ನಮ್ಮ ಕಚೇರಿಯಲ್ಲಿ ಅರ್ಧ ವರ್ಷವನ್ನು ಗುರುತಿಸುವವರು ಸಿಕ್ಕಿದ್ದರೂ ಸಾಕಿತ್ತು.

ಮುಚ್ಚಲು ಬಾರದ ಥ್ರೆಡ್ ಹೇಗಿರುತ್ತದೆ ಎಂದು ನೋಡಬೇಕಾದರೆ ಹಿರಿಯೂರಿನ ಮಾರಿಕಣಿವೆಗೆ ಹೋಗಿ. ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಅದಕ್ಕಾಗಿ ಮುಳುಗಿದ ಹಳ್ಳಿಗಳವರ ತಕರಾರು ಎಷ್ಟರಮಟ್ಟಿಗೆ ದಾಖಲಾಯಿತೋ, ಅದು ಬೇರೆಯೇ ಲೇಖನ. 1933ರಲ್ಲಿ ಅದು ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ ಯಾವ ಅಧಿಕಾರಿಗೂ ‘ಜಲಾಶಯ ತುಂಬಿದೆ, ಕಡತ ಮುಕ್ತಾಯಗೊಳಿಸಿದೆ’ ಎಂದು ಬರೆಯುವ ಧೈರ್ಯ ಬರಲಿಲ್ಲ. ನಮ್ಮವರು ಅಷ್ಟು ಪ್ರಾಮಾಣಿಕರೆಂದಲ್ಲ. ಪೂರ್ಣ ಮಟ್ಟ 130 ಅಡಿ ಎಂದು ಎಲ್ಲರಿಗೂ ಗೊತ್ತು, ನೀರು ಎಲ್ಲಿದೆ ಎಂದು ದನ ಮೇಯಿಸುವ ಹುಡುಗನಿಗೂ ಕಾಣುತ್ತದೆ. ಸುಳ್ಳು ಷರಾ ಹುಟ್ಟುವುದು ಅಳತೆಗೋಲು ಇಲ್ಲದ ಕಡೆ. ಅಡಿಕೆ ಆ್ಯಪಿನಲ್ಲಿ ತೂಕ ಸೊನ್ನೆ ಕೊಟ್ಟು ನೋಡುವ ಎರಡು ಸಾಲಿನ ಒಂದು ಟೆಸ್ಟ್ ಇದ್ದಿದ್ದರೆ, ‘ಸರಿಪಡಿಸಲಾಗಿದೆ’ ಎಂದವನ ಬಣ್ಣ ಆಗಲೇ ಬಯಲಾಗುತ್ತಿತ್ತು.

ಅಳತೆಗೋಲು ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಇದೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಎಂದು ಘೋಷಣೆಯಾಯಿತು. ದುರ್ಗದಲ್ಲಿ ಸಿಹಿ ಹಂಚಿದವರು ಹಂಚಿದರು. ಆಮೇಲೆ ಶುರುವಾಯಿತು ಥ್ರೆಡ್. ಹಣ ಬಂದಿಲ್ಲ ಎಂದು ಇಲ್ಲಿಂದ ಪತ್ರ, ವಿವರಣೆ ಬೇಕು ಎಂದು ಅಲ್ಲಿಂದ ಪತ್ರ, ಕೊಟ್ಟಿದ್ದೇವೆ ಎಂದು ಇಲ್ಲಿಂದ, ಇನ್ನಷ್ಟು ಬೇಕು ಎಂದು ಅಲ್ಲಿಂದ. ನಡುವೆ ಧರಣಿ, ಬಂದ್, ವೇದಿಕೆಯ ಮೇಲೆ ಕಣ್ಣೀರು. ಎರಡೂ ಕಡೆ ಒಂದೊಂದು ಏಜೆಂಟ್ ಕೂರಿಸಿದ್ದರೆ ಇದೇ ಪತ್ರವ್ಯವಹಾರ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ‘ನೀವು ಹೇಳಿದ್ದು ಸರಿ, ನೀರು ಹರಿಸಲಾಗಿದೆ’, ‘ತ್ವರಿತ ಕ್ರಮಕ್ಕೆ ಧನ್ಯವಾದ.’ ಹೊಸದುರ್ಗದ ಕೆರೆಗಳು ಕಾಗದದ ಮೇಲೆ ತುಂಬಿ ತುಳುಕುತ್ತಿದ್ದವು.

ಈಗ ನಿಜವಾದ ಕಿತಾಪತಿ ಎಲ್ಲಿದೆ ಎಂದು ಹೇಳುತ್ತೇನೆ. ಗಿಟ್‌ಹಬ್‌ನಲ್ಲಿ ಥ್ರೆಡ್ ಮುಚ್ಚುವ ಹಕ್ಕು ಯಾರಿಗೆ? ಬದಲಾವಣೆಯನ್ನು ಮುಂದಿಟ್ಟವನಿಗೆ, ಮತ್ತು ಕೋಡ್ ಇಟ್ಟಿರುವ ಭಂಡಾರದಲ್ಲಿ ಬರೆಯುವ ಅಧಿಕಾರ ಇರುವವರಿಗೆ. ಅಂದರೆ ಹೊರಗಿನಿಂದ ಬಂದು, ಕಷ್ಟಪಟ್ಟು ಓದಿ, ತಪ್ಪು ತೋರಿಸಿದವನಿಗೆ ತಾನೇ ಎತ್ತಿದ ಪ್ರಶ್ನೆಯನ್ನು ಮುಚ್ಚುವ ಹಕ್ಕಿಲ್ಲ. ಯಾರ ಮೇಲೆ ಪ್ರಶ್ನೆಯೋ ಅವನು ಒತ್ತಿದರೆ ಮುಚ್ಚುತ್ತದೆ. ಬೀದಿ ದೀಪ ಉರಿಯುತ್ತಿಲ್ಲ ಎಂದು ಆನ್‌ಲೈನ್ ದೂರು ಕೊಟ್ಟು, ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂಬ ಸಂದೇಶವನ್ನು ಅದೇ ಕತ್ತಲಲ್ಲಿ ನಿಂತು ಓದಿದವರಿಗೆ ಈ ಏರ್ಪಾಡು ಹೊಸದಲ್ಲ. ಮನುಷ್ಯರ ನಡುವೆ ಇದು ಹೇಗೋ ನಡೆಯುತ್ತಿತ್ತು. ನಾಚಿಕೆ ಎಂಬುದೊಂದು ಇತ್ತು, ಮರುದಿನ ಕ್ಯಾಂಟೀನಿನಲ್ಲಿ ಮುಖ ನೋಡಬೇಕಿತ್ತು. ಏಜೆಂಟಿಗೆ ಕ್ಯಾಂಟೀನ್ ಇಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ, ಅಥವಾ ಹೋಗದೆ ತೋಟದ ಮನೆಯಲ್ಲೇ ಕೂತು, ಏಜೆಂಟುಗಳಿಗೆ ಉಪಕರಣ ಮಾಡಿಕೊಡುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ತೆರೆದ ಥ್ರೆಡ್‌ಗಳ ಪಟ್ಟಿ ಕೊಡುವ ಉಪಕರಣ ಅದಕ್ಕೆ ಕೊಡಿ. ಉತ್ತರ ಬರೆಯುವುದನ್ನೂ ಕೊಡಿ, ಆದರೆ ಯಾವ ಸಾಲು ಬದಲಾಯಿತು, ಯಾವ ಟೆಸ್ಟ್ ಓಡಿತು ಎಂದು ತೋರಿಸದ ಉತ್ತರವನ್ನು ಅದು ದಾಖಲಿಸಲು ಬಿಡಬೇಡಿ. ಮುಚ್ಚುವ ಗುಂಡಿಯನ್ನು ಮಾತ್ರ ಅದರ ಕೈಗೆ ಕೊಡಬೇಡಿ. ಅದು ಷರಾ ಬರೆದವರ ಕೈಯಲ್ಲಿರಲಿ. ಬರೆದದ್ದೂ ಯಂತ್ರವೇ ಆಗಿದ್ದರೆ, ಸಂಬಳ ತೆಗೆದುಕೊಳ್ಳುವ ಒಬ್ಬ ಮನುಷ್ಯನ ಕೈಯಲ್ಲಿರಲಿ. ಕೋಡು ಗೀಡು ಗೊತ್ತಿಲ್ಲದ ಉಳಿದವರು, ಮೊಬೈಲಿಗೆ ‘ನಿಮ್ಮ ಅರ್ಜಿ ವಿಲೇವಾರಿಯಾಗಿದೆ’ ಎಂದು ಸಂದೇಶ ಬಂದರೆ, ಖುಷಿಪಡುವ ಮೊದಲು ಪಹಣಿಯ ಹೊಸ ಪ್ರತಿ ತೆಗೆಸಿ 3ನೇ ಕಲಂ, 9ನೇ ಕಲಂ ನೀವೇ ಕೂಡಿ ನೋಡಿ.